ವಕೀಲರ ಮೇಲಿನ ನಂಬಿಕೆ ಹೋಗಿದೆ. ವಿಚ್ಛೇದನದ ಪ್ರಕರಣವನ್ನು ನಾನೇ ಮುಂದುವರಿಸಬಹುದೇ?

ಅಘನಾಶಿನಿ (ಕುಮಟಾ)

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲೂಕಿನವಳು. ಕ್ರೌರ್ಯ ಮತ್ತು ಪರಿತ್ಯಾಗದ ಕಾರಣ ನೀಡಿ, ಹಿಂದೂ ವಿವಾಹ ಕಾಯ್ದೆ, 1955ರ 13ನೇ ಕಲಮಿನ ಅಡಿಯಲ್ಲಿ 2022ರಲ್ಲಿ ವಿಚ್ಛೇದನದ ಅರ್ಜಿ ಹಾಕಿದ್ದೇನೆ. ಅದು ಹಿರಿಯ ಸಿವಿಲ್ ನ್ಯಾಯಾಧೀಶರ ಮುಂದೆ ನನ್ನ ಸಾಕ್ಷ್ಯದ ಹಂತದಲ್ಲಿ ನಿಂತಿದೆ. ಮಗಳು ನನ್ನ ಜೊತೆಗಿದ್ದಾಳೆ, ಮೂರನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಪತಿ ಹುಬ್ಬಳ್ಳಿಯಲ್ಲಿ ಖಾಸಗಿ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದಾರೆ.

ನಮ್ಮ ವಕೀಲರು ತಂದೆಯವರ ಹಳೆಯ ಪರಿಚಯದವರು. ಆ ದಾಕ್ಷಿಣ್ಯದಿಂದಲೇ ಇಷ್ಟು ದಿನ ಯಾರೂ ಏನನ್ನೂ ಕೇಳಲಿಲ್ಲ. ಪ್ರತಿ ಸಲ ಫೋನ್ ಮಾಡಿದಾಗಲೂ "ತಾರೀಖು ಮುಂದೆ ಹೋಗಿದೆ, ನೀವು ಬರುವ ಅಗತ್ಯವಿಲ್ಲ" ಎನ್ನುತ್ತಿದ್ದರು. ಕಳೆದ ತಿಂಗಳು ತಂಗಿಯು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನಮ್ಮ ಪ್ರಕರಣವನ್ನು ತೆರೆದು ನೋಡಿದಾಗ, ನನ್ನನ್ನು ಬರಬೇಡಿ ಎಂದಿದ್ದ ದಿನಗಳಲ್ಲೇ "ಅರ್ಜಿದಾರಳು ಗೈರು" ಎಂದು ಬರೆದಿರುವುದು ಕಂಡಿತು. ಕೊನೆಯದರಲ್ಲಿ "ಸಾಕ್ಷ್ಯಕ್ಕೆ ಅಂತಿಮ ಅವಕಾಶ" ಎಂದಿದೆ. ಇದಾದ ವಾರದಲ್ಲೇ ಅವರು ರಾಜಿಯ ಕರಡೊಂದನ್ನು ತಂದು, ಕೊನೆಯ ಪುಟಕ್ಕೆ ಸಹಿ ಹಾಕಿದರೆ ಬೇಗ ಮುಗಿಯುತ್ತದೆ ಎಂದರು. ನಾನು ಓದಲು ಕೇಳಿದಾಗ ಅವರಿಗೆ ಹಿಡಿಸಲಿಲ್ಲ. ಓದಿದರೆ ಅದರಲ್ಲಿ ಶಾಶ್ವತ ಜೀವನಾಂಶ, ಮದುವೆಯಲ್ಲಿ ತವರಿನವರು ಹಾಕಿದ ಅವಲಕ್ಕಿ ಸರ ಮತ್ತು ಬಳೆಗಳು, ಮಗಳ ಖರ್ಚು, ಎಲ್ಲವನ್ನೂ "ಸ್ವಸಂತೋಷದಿಂದ ಬಿಟ್ಟುಕೊಟ್ಟಿದ್ದೇನೆ" ಎಂದಿತ್ತು. ಹೀಗೆಂದು ನಾನು ಯಾರಲ್ಲಿಯೂ ಹೇಳಿರಲಿಲ್ಲ.

ಈಗ ನನಗೆ ಅವರು ಬೇಡ. ಆದರೆ ಬಾಕಿ ಫೀಸು ಕೊಡುವವರೆಗೆ ಕಡತವನ್ನೂ ಎನ್‌ಒಸಿಯನ್ನೂ (ವಕೀಲರನ್ನು ಬದಲಾಯಿಸಲು ಆಕ್ಷೇಪವಿಲ್ಲ ಎಂಬ ಪತ್ರ) ಕೊಡುವುದಿಲ್ಲ ಎನ್ನುತ್ತಿದ್ದಾರೆ. ಮದುವೆಯ ನೋಂದಣಿ ಪತ್ರ, ಆಭರಣದ ಅಂಗಡಿಯ ರಸೀದಿಗಳು, ಮದುವೆಯ ಫೋಟೋಗಳು, ಎಲ್ಲದರ ಮೂಲ ಪ್ರತಿಗಳು ಅವರ ಕಚೇರಿಯಲ್ಲಿವೆ. ಇನ್ನೊಬ್ಬ ವಕೀಲರಿಗೆ ಮತ್ತೆ ಮೊದಲಿನಿಂದ ಹಣ ಕೊಡುವ ಶಕ್ತಿ ನಮಗಿಲ್ಲ. ನಾನು ಬಿ.ಕಾಂ. ಓದಿದ್ದೇನೆ, ಕನ್ನಡದಲ್ಲಿ ಅಚ್ಚುಕಟ್ಟಾಗಿ ಬರೆಯಬಲ್ಲೆ. ಸ್ವತಃ ನಿಂತು ಪ್ರಕರಣ ನಡೆಸಲು ಕಾನೂನಿನಲ್ಲಿ ಅವಕಾಶವಿದೆಯೇ? ಅನುಭವ ಇದ್ದವರು ದಯವಿಟ್ಟು ತಿಳಿಸಿ.

ನಿವೃತ್ತ ಶಿರಸ್ತೇದಾರ (ಕಾರವಾರ)

ತಂಗೀ, ಅವಕಾಶ ಇದೆಯೇ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಸರಳವಾದದ್ದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 1ನೇ ನಿಯಮದ ಪ್ರಕಾರ ಪಕ್ಷಗಾರರು ಖುದ್ದಾಗಿ ಹಾಜರಾಗಿ ತಮ್ಮ ಪ್ರಕರಣ ನಡೆಸಬಹುದು. ಕುಟುಂಬ ನ್ಯಾಯಾಲಯವಿದ್ದ ಕಡೆ ಇದು ಇನ್ನೂ ಸ್ಪಷ್ಟ. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 13ನೇ ಕಲಂ, ವಕೀಲರ ಮೂಲಕವೇ ಬರುತ್ತೇನೆಂದು ಹಕ್ಕಿನಿಂದ ಕೇಳಲು ಯಾರಿಗೂ ಆಸ್ಪದ ಕೊಟ್ಟಿಲ್ಲ. ಅರ್ಜಿ, ಮೆಮೊ, ಪ್ರಮಾಣಪತ್ರಗಳನ್ನು ಕನ್ನಡದಲ್ಲಿಯೇ ಸಲ್ಲಿಸಬಹುದು. ನನ್ನ ಸೇವಾವಧಿಯಲ್ಲಿ ಹೀಗೆ ನಡೆಸಿದವರನ್ನು ನೋಡಿದ್ದೇನೆ, ಅವರಲ್ಲಿ ಹೆಚ್ಚಿನವರು ಹೆಂಗಸರು.

ಆದರೆ ನಾನು ಒತ್ತಿ ಹೇಳಬೇಕಾದ ಮಾತು ಬೇರೆ ಇದೆ. ವಕೀಲರನ್ನು ಬಿಡುವ ಮೊದಲು ಕಡತವನ್ನು ನಿಮ್ಮ ಕೈಗೆ ತಂದುಕೊಳ್ಳಿ. ಜಗಳ, ದೂರು, ಹೊಸ ವಕೀಲರು, ಎಲ್ಲವೂ ಆಮೇಲಿನ ಮಾತು. ಕೈಯಲ್ಲಿ ಕಾಗದವಿಲ್ಲದೆ ನ್ಯಾಯಾಧೀಶರ ಮುಂದೆ ನಿಂತವರು ತಮ್ಮ ದುಃಖವನ್ನು ಹೇಳಿಕೊಳ್ಳಬಲ್ಲರೇ ಹೊರತು ಪ್ರಕರಣ ನಡೆಸಲಾರರು.

ನ್ಯಾಯಾಲಯದಲ್ಲಿ ದಾಖಲಾಗಿರುವುದಕ್ಕೆ ನಿಮ್ಮ ವಕೀಲರ ಅನುಮತಿ ಬೇಕಾಗಿಲ್ಲ. ನೀವೇ ಪಕ್ಷಗಾರರಾದ್ದರಿಂದ ನಕಲು ವಿಭಾಗಕ್ಕೆ ಹೋಗಿ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಮೂಲ ಅರ್ಜಿ, ಎದುರುದಾರರ ತಕರಾರು, ಮಧ್ಯಂತರ ಅರ್ಜಿಗಳು, ಅವುಗಳ ಮೇಲಿನ ಆದೇಶಗಳು, ಮೊದಲ ದಿನದಿಂದ ಇಂದಿನವರೆಗಿನ ಪೂರ್ತಿ ಆರ್ಡರ್ ಶೀಟ್, ಇವೆಲ್ಲವನ್ನೂ ಒಂದೇ ಸಲಕ್ಕೆ ಕೇಳಿ. ಜನರು ಆರ್ಡರ್ ಶೀಟನ್ನು ಬಿಟ್ಟು ಉಳಿದದ್ದನ್ನು ತೆಗೆದುಕೊಂಡು ಹೋಗುತ್ತಾರೆ. ಯಾವ ದಿನ ಯಾರು ಬಂದಿದ್ದರು, ಯಾರು ಸಮಯ ಕೇಳಿದರು, ನಿಮ್ಮ ಪರವಾಗಿ ಏನು ಒಪ್ಪಿಕೊಂಡರು ಎಂಬುದೆಲ್ಲ ಇರುವುದು ಅದರಲ್ಲೇ. ಆ್ಯಪ್‌ನಲ್ಲಿ ಕಾಣುವುದು ಸಾರಾಂಶ ಮಾತ್ರ. ಅರ್ಜಿಯ ಮೇಲೆ ಪ್ರತಿ ಪ್ರಕರಣಕ್ಕೂ ಪ್ರತ್ಯೇಕವಾಗಿರುವ, ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆಯನ್ನು ಬರೆದರೆ ಹುಡುಕುವುದು ಸುಲಭವಾಗುತ್ತದೆ. ನಕಲು ಬರುವ ಮೊದಲೇ ನೋಡಬೇಕೆಂದಿದ್ದರೆ ಕಡತ ಪರಿಶೀಲನೆಗೆ ಪ್ರತ್ಯೇಕ ಅರ್ಜಿ ಕೊಟ್ಟು, ಗುಮಾಸ್ತರ ಎದುರು ಕುಳಿತು ಓದಿ ಟಿಪ್ಪಣಿ ಮಾಡಿಕೊಳ್ಳಬಹುದು.

ವಕೀಲರ ಕಚೇರಿಯಲ್ಲಿರುವ ಮೂಲ ಪ್ರತಿಗಳಿಗೆ, ಒಂದೊಂದನ್ನೂ ಹೆಸರಿಸಿ, ಹಿಂದಿರುಗಿಸಲು ದಿನ ಗೊತ್ತುಪಡಿಸಿ, ನೋಂದಣಿ ಮತ್ತು ಸ್ವೀಕೃತಿ ಸಹಿತ ಸ್ಪೀಡ್ ಪೋಸ್ಟ್‌ನಲ್ಲಿ ಪತ್ರ ಕಳುಹಿಸಿ. ಫೀಸು ಬಾಕಿಯಿದೆ ಎಂಬ ಕಾರಣಕ್ಕೆ ಕಕ್ಷಿದಾರರ ಕಡತವನ್ನು ತಡೆದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಬಾಕಿ ಇದ್ದರೆ ಅದನ್ನು ವಸೂಲು ಮಾಡಲು ಅವರಿಗೆ ಬೇರೆ ದಾರಿಯಿದೆ. ಪತ್ರದ ಭಾಷೆ ಮೃದುವಾಗಿರಲಿ, ಸಿಟ್ಟಿನ ಒಂದು ಸಾಲೂ ಬೇಡ. ನಾಳೆ ಅದೇ ಪತ್ರವನ್ನು ನ್ಯಾಯಾಧೀಶರು ಓದುವ ಸಂದರ್ಭ ಬರಬಹುದು.

ಇನ್ನು ವಕಾಲತ್ತು, ಅಂದರೆ ಪ್ರಕರಣ ನಡೆಸಲು ನೀವು ವಕೀಲರಿಗೆ ಬರೆದುಕೊಟ್ಟ ಅಧಿಕಾರಪತ್ರ. ಎನ್‌ಒಸಿ ಎಂಬುದು ವಕೀಲರ ನಡುವಿನ ಮರ್ಯಾದೆಯ ರೂಢಿ. ಸಂಹಿತೆಯ 3ನೇ ಆದೇಶದ 4ನೇ ನಿಯಮ ಹೇಳುವುದೇನೆಂದರೆ, ಕಕ್ಷಿದಾರರು ಸಹಿ ಮಾಡಿದ ಬರಹವನ್ನು ನ್ಯಾಯಾಲಯದ ಅನುಮತಿ ಪಡೆದು ಸಲ್ಲಿಸಿದರೆ ವಕಾಲತ್ತು ಕೊನೆಗೊಳ್ಳುತ್ತದೆ. ಆದ್ದರಿಂದ ಅವರು ಎನ್‌ಒಸಿ ಕೊಡದಿದ್ದರೂ, ಕೇಳಿದ ಪತ್ರದ ಪ್ರತಿ ಮತ್ತು ಅಂಚೆ ರಸೀದಿಯನ್ನು ಲಗತ್ತಿಸಿ, "ವಕಾಲತ್ತನ್ನು ಕೊನೆಗೊಳಿಸಲು ಅನುಮತಿ ನೀಡಿ, ಖುದ್ದಾಗಿ ನಡೆಸಲು ಅವಕಾಶ ಕೊಡಬೇಕು" ಎಂಬ ಅರ್ಜಿಯನ್ನು ನೀವೇ ಕೊಡಿ.

ಶಿರಸಿಯ ವಕೀಲ

ಶಿರಸ್ತೇದಾರರು ಬರೆದದ್ದರಲ್ಲಿ ತಪ್ಪೇನೂ ಇಲ್ಲ, ಕಡತದ ವಿಷಯದಲ್ಲಂತೂ ಅವರ ಮಾತನ್ನು ಚಾಚೂ ತಪ್ಪದೆ ಪಾಲಿಸಿ. ಆದರೂ ಅಕ್ಕನವರಲ್ಲಿ ಒಂದು ವಿನಂತಿ. ಒಬ್ಬ ವಕೀಲರು ನಂಬಿಕೆಗೆ ದ್ರೋಹ ಮಾಡಿದರೆಂದು ತಕರಾರಿರುವ ಪ್ರಕರಣವನ್ನು ಪೂರ್ತಿಯಾಗಿ ಒಬ್ಬರೇ ಹೊರುವ ತೀರ್ಮಾನಕ್ಕೆ ಈಗಲೇ ಬರಬೇಡಿ. ನನ್ನ ವೃತ್ತಿಯನ್ನು ಕಾಯಲು ಈ ಮಾತು ಹೇಳುತ್ತಿಲ್ಲ. ನೀವು ವಿವರಿಸಿದ ನಡತೆ ನಿಜವೇ ಆಗಿದ್ದರೆ ಅದು ಖಂಡನೀಯ.

ಪರಸ್ಪರ ಒಪ್ಪಿಗೆಯ ಅರ್ಜಿ ಬೇರೆ, ನಿಮ್ಮದು ಬೇರೆ. ನಿಮ್ಮ ಪ್ರಕರಣದಲ್ಲಿ ಕ್ರೌರ್ಯವನ್ನು ನೀವು ರುಜುವಾತು ಮಾಡಬೇಕು. ಪರಿತ್ಯಾಗಕ್ಕೆ, ಅರ್ಜಿ ಹಾಕಿದ ದಿನಕ್ಕೆ ಹಿಂದಿನ ಎರಡು ವರ್ಷ ಎಡೆಬಿಡದೆ ಬಿಟ್ಟುಹೋಗಿರಬೇಕು. ನಡುವೆ ಎಲ್ಲೋ ಹಬ್ಬಕ್ಕೆಂದು ಒಟ್ಟಿಗೆ ಇದ್ದ ದಿನಗಳಿದ್ದರೆ ಎದುರು ವಕೀಲರು ಪಾಟೀ ಸವಾಲಿನಲ್ಲಿ ಮೊದಲು ಕೇಳುವುದೇ ಅದನ್ನು. ಮುಖ್ಯ ವಿಚಾರಣೆ, ಅಂದರೆ ನಿಮ್ಮ ಕಡೆಯ ಸಾಕ್ಷ್ಯದ ಹೇಳಿಕೆ, ಈಗ ಪ್ರಮಾಣಪತ್ರದ ಮೂಲಕ ನಡೆಯುವುದರಿಂದ ಅದನ್ನು ಮನೆಯಲ್ಲಿ ಕುಳಿತು ಶಾಂತವಾಗಿ ಬರೆಯಬಹುದು. ಪಾಟೀ ಸವಾಲಿಗೆ ಹಾಗೆ ಸಾಧ್ಯವಿಲ್ಲ. ಅದಕ್ಕಿಂತಲೂ ಕಷ್ಟದ್ದು ನೀವು ನಿಮ್ಮ ಪತಿಯನ್ನು ಪಾಟೀ ಸವಾಲು ಮಾಡುವುದು. ಹತ್ತು ವರ್ಷ ಸಂಸಾರ ಮಾಡಿದವರನ್ನು ಕಟಕಟೆಯಲ್ಲಿ ನಿಲ್ಲಿಸಿ, ದನಿಯೇರಿಸದೆ, ಉತ್ತರ ಗೊತ್ತಿರುವ ಪ್ರಶ್ನೆಗಳನ್ನಷ್ಟೇ ಕೇಳುವುದು ಬಹಳ ಗಟ್ಟಿ ಮನಸ್ಸಿನವರಿಗೂ ಸುಲಭವಲ್ಲ.

ಅರ್ಜಿಯಲ್ಲಿ ಹೇಳದ ಘಟನೆಯನ್ನು ಸಾಕ್ಷ್ಯದಲ್ಲಿ ತರಲು ಹೋದರೆ ತಕರಾರು ಬರುತ್ತದೆ. ಆದುದರಿಂದ ದೃಢೀಕೃತ ನಕಲು ಬಂದ ಕೂಡಲೇ ಮೊದಲು ನಿಮ್ಮದೇ ಅರ್ಜಿಯನ್ನು ಓದಿ. ನಿಮ್ಮ ಹೆಸರಿನಲ್ಲಿ ಅದರಲ್ಲಿ ಏನು ಬರೆದಿದ್ದಾರೆಂದು ನಿಮಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ.

ಇನ್ನೊಂದು ಮುಖ್ಯ ವಿಷಯವನ್ನು ಯಾರೂ ಹೇಳಿಲ್ಲ. ಶಾಶ್ವತ ಜೀವನಾಂಶ ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಲ್ಲಿದೆ, ಅದನ್ನು ಅರ್ಜಿ ಹಾಕಿ ಕೇಳಬೇಕು. ಮದುವೆಯ ಹೊತ್ತಿಗೆ ಕೊಟ್ಟ, ಇಬ್ಬರಿಗೂ ಸೇರಿದ ವಸ್ತುಗಳ ಬಗ್ಗೆ 27ನೇ ಕಲಂ ಇದೆ. ಕೇವಲ ನಿಮಗೆಂದು ಕೊಟ್ಟ ಆಭರಣ ಸ್ತ್ರೀಧನ, ಅದರ ಒಡೆತನ ನಿಮ್ಮದೇ. ಪ್ರಕರಣ ನಡೆಯುತ್ತಿರುವಾಗಿನ ಖರ್ಚು ಮತ್ತು ಜೀವನಾಂಶಕ್ಕೆ 24ನೇ ಕಲಂ, ಮಗಳ ಪಾಲನೆ ಮತ್ತು ವಿದ್ಯಾಭ್ಯಾಸಕ್ಕೆ 26. ಇವುಗಳಲ್ಲಿ ಯಾವ ಅರ್ಜಿ ನಿಮ್ಮ ಕಡತದಲ್ಲಿದೆ, ಯಾವುದು ಇಲ್ಲ ಎಂದು ನೋಡಿ. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ, ಜೀವನಾಂಶದ ಅರ್ಜಿಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು ಹೇಳಿದೆ. ನಿಮ್ಮ ಪತಿಯ ಸಂಬಳದ ಲೆಕ್ಕ ಹೊರಗೆ ಬರುವುದು ಆ ದಾರಿಯಿಂದ.

ಗಂಗಾವಳಿ ದಂಡೆ (ಗೋಕರ್ಣ)

ನಾನು ಸ್ವತಃ ನಡೆಸಿದವನು, ಆದರೆ ನಮ್ಮದು ಪರಸ್ಪರ ಒಪ್ಪಿಗೆಯ, ಅಂದರೆ 13ಬಿ ಕಲಮಿನ ಪ್ರಕರಣವಾಗಿತ್ತು. ಪ್ರಕರಣ ಕಾರವಾರದಲ್ಲಿತ್ತು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದ ವಾರದಲ್ಲೇ ನಮ್ಮ ಎರಡನೆಯ ಹಂತದ, ಅಂದರೆ ಇಬ್ಬರೂ ಒಪ್ಪಿಗೆಯನ್ನು ಮತ್ತೆ ದೃಢಪಡಿಸುವ ತಾರೀಖಿತ್ತು. ಪತ್ನಿ ಗೋವೆಯ ಕಡೆಯಿಂದ ಬಂದು ತಲುಪಿದರು, ನಾನು ನದಿಯ ಈಚೆ ಉಳಿದೆ. ಹೆದ್ದಾರಿ ಮುಚ್ಚಿರುವುದು ಇಡೀ ರಾಜ್ಯಕ್ಕೆ ಗೊತ್ತಿದ್ದರೂ ನನ್ನ ವಕೀಲರು ಒಂದು ಮೆಮೊ ಹಾಕಲಿಲ್ಲ. ನಾನು ಒಪ್ಪಿಗೆಯಿಂದ ಹಿಂದೆ ಸರಿದೆನೆಂದು ಆಕೆ ತಿಳಿದುಕೊಂಡರು. ಅವರ ಅನುಮಾನಕ್ಕೆ ಕಾರಣವೂ ಇತ್ತು. ಎರಡನೆಯ ಹಂತ ಮುಗಿಯುವವರೆಗೆ ಯಾರು ಬೇಕಾದರೂ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದೆಂದು 1991ರ ಸುರೇಷ್ಟಾ ದೇವಿ ತೀರ್ಪಿನಿಂದಲೇ ನೆಲೆಗೊಂಡಿದೆ. ಮುಂದಿನ ತಾರೀಖಿಗೆ ನಾನೇ ಹೋಗಿ, ಕಾರಣ ವಿವರಿಸುವ ಪ್ರಮಾಣಪತ್ರ ಸಲ್ಲಿಸಿದೆ. ನ್ಯಾಯಾಧೀಶರು ಅದನ್ನು ಓದಿ ಒಪ್ಪಿಕೊಂಡರು. ಅಲ್ಲಿಂದ ಮುಂದೆ ವಕೀಲರಿಲ್ಲದೆ ಮುಗಿಸಿದೆವು.

ಅಘನಾಶಿನಿಯವರೇ, ನಿಮ್ಮ ಪತಿಗೂ ಬಿಡುಗಡೆ ಬೇಕಾಗಿದ್ದು, ತಕರಾರು ಹಣ ಮತ್ತು ಆಭರಣದ್ದು ಮಾತ್ರವಾಗಿದ್ದರೆ, ನ್ಯಾಯಯುತವಾದ ಷರತ್ತುಗಳ ಮೇಲೆ 13ಬಿಗೆ ಬರುವ ದಾರಿಯನ್ನು ಮುಚ್ಚಬೇಡಿ. ನೀವು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಬೇರೆಯಾಗಿದ್ದೀರಿ. ನಂತರದ ಆರು ತಿಂಗಳ ಕಾಯುವಿಕೆಯನ್ನೂ ಸೂಕ್ತ ಸಂದರ್ಭದಲ್ಲಿ ನ್ಯಾಯಾಲಯ ಮನ್ನಾ ಮಾಡಬಹುದೆಂದು 2017ರಲ್ಲಿ ಅಮರದೀಪ್ ಸಿಂಗ್ ಪ್ರಕರಣದಲ್ಲಿ ತೀರ್ಪಾಗಿದೆ. ಅದಕ್ಕೆ ಜೀವನಾಂಶ, ಮಕ್ಕಳು, ಉಳಿದೆಲ್ಲ ವಿಷಯಗಳು ಮೊದಲೇ ನಿಜವಾಗಿ ತೀರ್ಮಾನವಾಗಿರಬೇಕು.

ಶರಾವತಿ (ಹೊನ್ನಾವರ)

ಹಣವಿಲ್ಲವೆಂಬ ಕಾರಣಕ್ಕೆ ಒಬ್ಬರೇ ನಿಲ್ಲಬೇಕಾಗಿಲ್ಲ ಅಕ್ಕಾ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನ ಪ್ರಕಾರ ಮಹಿಳೆಯರಿಗೆ ಉಚಿತ ಕಾನೂನು ನೆರವು ಸಿಗುತ್ತದೆ, ಅದಕ್ಕೆ ಆದಾಯದ ಮಿತಿಯಿಲ್ಲ. ತವರಿನಲ್ಲಿ ಅಡಿಕೆ ತೋಟವಿದೆ, ಹಾಗಾಗಿ ಕೊಡುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ತಾಲೂಕು ನ್ಯಾಯಾಲಯದ ಆವರಣದಲ್ಲೇ ತಾಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ವಿಚಾರಿಸಿ, ಕಾರವಾರದಲ್ಲಿ ಜಿಲ್ಲಾ ಪ್ರಾಧಿಕಾರವಿದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೂ ಕರೆ ಮಾಡಬಹುದು.

ನನ್ನ ಅಕ್ಕನ ಮಗಳ ಪ್ರಕರಣದಲ್ಲಿ ಹೀಗೆ ನೇಮಿಸಿದ ವಕೀಲೆ ಚಿಕ್ಕ ವಯಸ್ಸಿನವರು. ಕಾಗದವೆಲ್ಲ ಮೊದಲೇ ಹೊಂದಿಸಿಟ್ಟಿದ್ದರಿಂದ ಅವರಿಗೆ ಪ್ರಕರಣವನ್ನು ಹಿಡಿಯಲು ಕಷ್ಟವಾಗಲಿಲ್ಲ. ಅಪ್ಪನೋ ಅಣ್ಣನೋ ನಿಮ್ಮ ಪರವಾಗಿ ಮಾತನಾಡಬಹುದೆಂದು ಮಾತ್ರ ಭಾವಿಸಬೇಡಿ, ವಕೀಲರಲ್ಲದವರು ವಾದಿಸಲು ನ್ಯಾಯಾಲಯದ ಅನುಮತಿ ಬೇಕು. ಜೊತೆಗೆ ಬಂದು ಹಿಂದಿನ ಬೆಂಚಿನಲ್ಲಿ ಕುಳಿತರೆ ಧೈರ್ಯವಾಗುತ್ತದೆ, ಅಷ್ಟು ಸಾಕು. ತೆರೆದ ನ್ಯಾಯಾಲಯದಲ್ಲಿ ಮನೆಯ ಮಾತು ಆಡಲು ಸಂಕೋಚವಾದರೆ, ವಿಚಾರಣೆಯನ್ನು ಮುಚ್ಚಿದ ಕೊಠಡಿಯಲ್ಲಿ ನಡೆಸಲು ಹಿಂದೂ ವಿವಾಹ ಕಾಯ್ದೆಯ 22ನೇ ಕಲಂ ಇದೆ, ಕೇಳಿಕೊಳ್ಳಿ.

ಆ ವಕೀಲರ ಮೇಲೆ ದೂರು ಕೊಡಬೇಡವೇ? ಸುಮ್ಮನೆ ಬಿಟ್ಟರೆ ಇನ್ನೊಬ್ಬ ಹೆಣ್ಣುಮಗಳಿಗೂ ಇದೇ ಗತಿ.

ಶಿರಸಿಯ ವಕೀಲ

ಕೊಡಬಹುದು. 1961ರ ವಕೀಲರ ಕಾಯ್ದೆಯ 35ನೇ ಕಲಮಿನ ಅಡಿಯಲ್ಲಿ ರಾಜ್ಯ ವಕೀಲರ ಪರಿಷತ್ತಿಗೆ ದೂರು ಸಲ್ಲಿಸಬಹುದು. ಗ್ರಾಹಕ ನ್ಯಾಯಾಲಯಕ್ಕೆ ಹೋಗುವ ದಾರಿ 2024ರ ಮೇ ತಿಂಗಳ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಮುಚ್ಚಿದೆ. ಆದರೆ ದೂರಿನಿಂದ ನಿಮ್ಮ ವಿಚ್ಛೇದನ ಒಂದು ದಿನವೂ ಮುಂದಕ್ಕೆ ಸಾಗುವುದಿಲ್ಲ. ಸಾಕ್ಷ್ಯಕ್ಕೆ ಅಂತಿಮ ಅವಕಾಶ ಎಂದು ಬರೆದಿರುವಾಗ, ಎಲ್ಲಕ್ಕಿಂತ ಮೊದಲು ಆ ತಾರೀಖಿಗೆ ಹಾಜರಿರುವುದು ಮುಖ್ಯ. ಅಂದು ಗೈರಾದರೆ ಅರ್ಜಿಯೇ ವಜಾ ಆಗಬಹುದು. ಹಾಗಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 9ನೇ ನಿಯಮದಡಿ ಮೂವತ್ತು ದಿನಗಳೊಳಗೆ ಪುನಃಸ್ಥಾಪನೆ ಕೇಳಬೇಕು. ಅದು ಮತ್ತೊಂದು ಸುತ್ತು.

ಅಘನಾಶಿನಿ (ಕುಮಟಾ)

ಎಲ್ಲರಿಗೂ ಹೃದಯಪೂರ್ವಕ ವಂದನೆಗಳು. ದೃಢೀಕೃತ ನಕಲುಗಳು ನಿನ್ನೆ ಕೈಸೇರಿದವು. ಶಿರಸಿಯ ವಕೀಲರು ಹೇಳಿದ್ದು ಸರಿಯಾಗಿದೆ. 24ನೇ ಕಲಮಿನ ಅರ್ಜಿ ಹಾಕಿದ್ದೇವೆಂದು ನನಗೆ ಹೇಳಿ ಅದಕ್ಕಾಗಿ ಪ್ರತ್ಯೇಕ ಹಣವನ್ನೂ ಪಡೆದಿದ್ದರು, ಆದರೆ ಕಡತದಲ್ಲಿ ಅಂಥ ಅರ್ಜಿಯೇ ಇಲ್ಲ. ಆಭರಣಗಳ ವಿಷಯ ಮೂಲ ಅರ್ಜಿಯ ಒಂದು ಪ್ಯಾರಾದಲ್ಲಿ "ಮತ್ತು ಇತರ ಒಡವೆಗಳು" ಎಂಬಲ್ಲಿಗೆ ಮುಗಿದಿದೆ. ತೂಕವಿಲ್ಲ, ಪಟ್ಟಿಯಿಲ್ಲ. ಇದನ್ನು ಓದುವಾಗ ತಂದೆಯವರು ನನ್ನ ಪಕ್ಕದಲ್ಲಿ ಕುಳಿತಿದ್ದರು. ಇಷ್ಟು ದಿನ "ಅವರನ್ನು ಬದಲಾಯಿಸಿದರೆ ಊರಲ್ಲಿ ಏನು ಅಂದುಕೊಳ್ಳುತ್ತಾರೆ" ಎನ್ನುತ್ತಿದ್ದವರು ತಾವೇ ಅಂಚೆ ಕಚೇರಿಗೆ ಹೋಗಿ ಪತ್ರವನ್ನು ರಿಜಿಸ್ಟರ್ ಮಾಡಿಸಿ ಬಂದರು.

ನಾನು ಹೀಗೆ ಯೋಚಿಸಿದ್ದೇನೆ. ಅರ್ಜಿಗಳು, ಮುಖ್ಯ ವಿಚಾರಣೆಯ ಪ್ರಮಾಣಪತ್ರ, ದಾಖಲೆಗಳ ಪಟ್ಟಿ, ಇವುಗಳನ್ನು ನಾನೇ ಬರೆಯುತ್ತೇನೆ, ಪ್ರತಿ ತಾರೀಖಿಗೂ ಖುದ್ದಾಗಿ ಇರುತ್ತೇನೆ. ಪಾಟೀ ಸವಾಲಿನ ಹಂತ ಬರುವ ಮೊದಲು ಕಾನೂನು ಸೇವೆಗಳ ಸಮಿತಿಯಿಂದ ವಕೀಲರನ್ನು ಕೇಳುತ್ತೇನೆ. ಇದು ಸರಿಯಾದ ಕ್ರಮವೇ? ವಾಟ್ಸ್‌ಆ್ಯಪ್ ಸಂದೇಶಗಳನ್ನು ಹಾಗೆಯೇ ಮುದ್ರಿಸಿ ಕೊಟ್ಟರೆ ಸಾಕೇ?

ನಿವೃತ್ತ ಶಿರಸ್ತೇದಾರ (ಕಾರವಾರ)

ಕ್ರಮ ಸರಿಯಾಗಿದೆ. ಮುದ್ರಿಸಿದ ಸಂದೇಶಗಳ ಜೊತೆ 1872ರ ಭಾರತೀಯ ಸಾಕ್ಷ್ಯ ಕಾಯ್ದೆಯ 65ಬಿ ಕಲಮಿನ ಪ್ರಮಾಣಪತ್ರ ಬೇಕು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಬಂದಿದೆ, ಆದರೆ ಅದಕ್ಕೂ ಮೊದಲೇ ದಾಖಲಾಗಿ ನಡೆಯುತ್ತಿದ್ದ ನಿಮ್ಮಂಥ ಪ್ರಕರಣಗಳಿಗೆ ಹಳೆಯ ಕಾಯ್ದೆಯೇ ಅನ್ವಯ. ಸಂದೇಶಗಳಿರುವ ಫೋನನ್ನು ಮಾರಬೇಡಿ, ರೀಸೆಟ್ ಮಾಡಿಸಬೇಡಿ.

ತಾರೀಖಿನ ದಿನ ಕಲಾಪ ಆರಂಭವಾಗುವ ಮೊದಲೇ ಹೋಗಿ, ನಿಮ್ಮ ಪ್ರಕರಣದ ಕ್ರಮಸಂಖ್ಯೆ ನೋಡಿಕೊಂಡು, ಖುದ್ದಾಗಿ ಹಾಜರಿದ್ದೀರೆಂದು ಬೆಂಚ್ ಗುಮಾಸ್ತರಿಗೆ ತಿಳಿಸಿ. ಹೆಸರು ಕೂಗಿದಾಗ ಮುಂದೆ ಬಂದು, ಮೊದಲು ವಕಾಲತ್ತಿನ ಅರ್ಜಿ, ನಂತರ ಉಳಿದ ಅರ್ಜಿಗಳನ್ನು ಕೊಡಿ. ಪ್ರತಿಯೊಂದರಲ್ಲೂ ಎದುರು ವಕೀಲರಿಗೊಂದು ಪ್ರತಿ ಇರಲಿ, ಅವರ ಸಹಿಯನ್ನು ನಿಮ್ಮ ಪ್ರತಿಯ ಮೇಲೆ ಪಡೆಯಿರಿ. ಆಭರಣದ ಪಟ್ಟಿಯನ್ನು ಒಂದೊಂದೇ ಸಾಲಿನಲ್ಲಿ ಬರೆಯಿರಿ: ಯಾವ ಒಡವೆ, ಎಷ್ಟು ಗ್ರಾಂ, ಯಾರು ಕೊಟ್ಟದ್ದು, ಈಗ ಯಾರ ಬಳಿಯಿದೆ, ಯಾವ ಫೋಟೋದಲ್ಲಿ ಕಾಣುತ್ತದೆ. ರಸೀದಿಯ ಮೂಲಪ್ರತಿ ಆ ಕಚೇರಿಯಿಂದ ಬರುವುದು ತಡವಾದರೆ, ಅಂಗಡಿಯವರ ಹಳೆಯ ಪುಸ್ತಕದಿಂದ ನಕಲು ಸಿಗುತ್ತದೆಯೇ ಎಂದು ಕೇಳಿ. ಪ್ರಮಾಣಪತ್ರದಲ್ಲಿ ಪ್ರತಿ ದಾಖಲೆಗೂ ನಿಶಾನೆ (ಸಾಕ್ಷ್ಯದಲ್ಲಿ ಗುರುತಿಸುವ ಸಂಖ್ಯೆ) ಪಿ-1, ಪಿ-2 ಎಂದು ಬರುವ ಹಾಗೆ ಅನುಕ್ರಮವಾಗಿ ಜೋಡಿಸಿದರೆ ನ್ಯಾಯಾಲಯದ ಸಮಯವೂ ಉಳಿಯುತ್ತದೆ, ನಿಮ್ಮ ಗಾಬರಿಯೂ ಕಡಿಮೆಯಾಗುತ್ತದೆ.

ಮತ್ತೆ ರಾಜಿಯ ಮಾತು ಬಂದರೆ ಕರಡನ್ನು ಮನೆಗೆ ತಂದು ಓದದೆ ಸಹಿ ಬೇಡ. ಹಣ ಎಷ್ಟು, ಯಾವ ದಿನ, ಡಿಮಾಂಡ್ ಡ್ರಾಫ್ಟ್ ಯಾವ ಹಂತದಲ್ಲಿ ಕೈಗೆ ಬರುತ್ತದೆ, ಒಡವೆಗಳನ್ನು ಎಲ್ಲಿ ಯಾರ ಸಮಕ್ಷಮ ಒಪ್ಪಿಸುತ್ತಾರೆ, ರಜೆಯಲ್ಲಿ ಮಗಳನ್ನು ತಂದೆ ಎಲ್ಲಿ ಭೇಟಿಯಾಗಬಹುದು, ಎಲ್ಲವೂ ಬರಹದಲ್ಲಿರಬೇಕು. ಮಗಳ ಜೀವನಾಂಶ ಮಗಳ ಹಕ್ಕು, ಅದನ್ನು ಬಿಟ್ಟುಕೊಡಲು ತಾಯಿಗೂ ಅಧಿಕಾರವಿಲ್ಲ. ಅಂಥ ಸಾಲು ಕರಡಿನಲ್ಲಿದ್ದರೆ ತೆಗೆಸಿ.

ಶಿರಸಿಯ ವಕೀಲ

ಒಂದು ಸೇರ್ಪಡೆ ಮಾತ್ರ. ಡಿಕ್ರಿ (ನ್ಯಾಯಾಲಯದ ಅಂತಿಮ ಆದೇಶ) ಬಂದ ದಿನವೇ ಅದರ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಮೇಲ್ಮನವಿಯ ಅವಧಿ ಹಿಂದೂ ವಿವಾಹ ಕಾಯ್ದೆಯ 28ನೇ ಕಲಮಿನಲ್ಲಿ 90 ದಿನ, ಕುಟುಂಬ ನ್ಯಾಯಾಲಯದ ತೀರ್ಪಾದರೆ ಆ ಕಾಯ್ದೆ ಹೇಳುವುದು 30 ದಿನ. ನಮ್ಮ ಜಿಲ್ಲೆಗೆ ಹೈಕೋರ್ಟ್ ಪೀಠ ಧಾರವಾಡದ್ದು. ಆ ಅವಧಿ ಮುಗಿಯುವವರೆಗೆ ಎರಡನೆಯ ಮದುವೆಯ ಮಾತನ್ನು ಎರಡೂ ಕಡೆಯವರು ಎತ್ತದಿರುವುದು ಒಳ್ಳೆಯದು. ಪಾಟೀ ಸವಾಲಿಗೆ ನೇಮಕವಾಗುವ ವಕೀಲರು ಯಾರೆಂದು ತಿಳಿದ ಮೇಲೆ, ಅವರು ಒಪ್ಪಿದರೆ, ಪರಿತ್ಯಾಗದ ಅಂಶದ ಮೇಲೆ ಪ್ರಶ್ನೆಗಳನ್ನು ಸಿದ್ಧಪಡಿಸಲು ನಾನು ಫೀಸಿಲ್ಲದೆ ಸಹಾಯ ಮಾಡುತ್ತೇನೆ.

ಅಘನಾಶಿನಿ (ಕುಮಟಾ)

ಒಡವೆಗಳ ಪಟ್ಟಿಯನ್ನು ಅಮ್ಮನ ಜೊತೆ ಕುಳಿತು ಮದುವೆಯ ಆಲ್ಬಂ ನೋಡುತ್ತ ಬರೆದೆವು. ವಕಾಲತ್ತಿನ ಅರ್ಜಿ, 24, 25 ಮತ್ತು 26ನೇ ಕಲಮಿನ ಅರ್ಜಿಗಳು, ಆಸ್ತಿ-ಆದಾಯದ ಪ್ರಮಾಣಪತ್ರ, ಎಲ್ಲವೂ ಪ್ರತಿಗಳ ಸಮೇತ ಸಿದ್ಧವಾಗಿವೆ. ತಾರೀಖು ಬರುವ ಸೋಮವಾರ. ನ್ಯಾಯಾಲಯದಲ್ಲಿ ಏನಾಯಿತೆಂದು ಇಲ್ಲಿಯೇ ತಿಳಿಸುತ್ತೇನೆ.